ಸರತಿಯಲ್ಲಿ ನಿಂತ ಎಚ್ಚರಿಕೆಗಳು

ಕಾವಲಿಯ ಮೇಲಿನ ಅಕ್ಕಿರೊಟ್ಟಿ ಸೀದ ವಾಸನೆ ಬಂದರೂ ನಾನು ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲವೆಂದರೆ, ಅಂದು ಬೆಳಿಗ್ಗೆ ಜೀವ ಎಷ್ಟು ಚಡಪಡಿಸುತ್ತಿತ್ತೆಂದು ನೀವೇ ಊಹಿಸಿಕೊಳ್ಳಿ, ಗೆಳೆಯರೇ. ಮಗ್ಗೆ ಊರಿನ ಆಚೆ, ಕಾಫಿ ತೋಟಕ್ಕೆ ತಿರುಗುವ ದಾರಿಯಲ್ಲಿ, ಆನೆಯ ಸುಳಿವು ಸಿಕ್ಕೊಡನೆ ಊರವರ ಫೋನುಗಳಿಗೆ ಎಚ್ಚರಿಕೆ ಕಳಿಸುವ ಪೆಟ್ಟಿಗೆಯೊಂದಿದೆ. ಅದರ ತಂತ್ರಾಂಶ ನೋಡಿಕೊಳ್ಳುವುದು ನನ್ನ ಕೆಲಸ. ಅಂದು ಅದು ಉಸಿರೆತ್ತದೆ ಕುಳಿತಿತ್ತು. ಕಾಫಿ ಕೊಯ್ಯಲು ಹೆಂಗಸರನ್ನು ಕರೆದೊಯ್ಯುವ ಜಯಮ್ಮ ಫೋನ್ ಎತ್ತಲಿಲ್ಲ.

ಸ್ಕೂಟರ್ ಹತ್ತಿ ಹೋದೆ. ತಿರುವಿನಲ್ಲಿ ಅವರೆಲ್ಲ ಬೇಲಿಗೆ ಒತ್ತಿಕೊಂಡು ನಿಂತಿದ್ದರು. ಮುಂದೆ ಮುರಿದು ಬಿದ್ದ ಬೈನೆ ಮರ, ಇನ್ನೂ ಹಬೆಯಾಡುವ ಲದ್ದಿ. ಸಲಗ ಅವರ ಕಣ್ಣೆದುರೇ ದಾರಿ ದಾಟಿ ಹೋಗಿತ್ತು. ಜಯಮ್ಮನ ದನಿ ಮೆತ್ತಗಿತ್ತು.

"ಮೆಸೇಜ್ ಬರ್ನಿಲ್ಲ ಅಂತ್ಲೇ ಹೊಂಟ್ವಿ ಕಣವ್ವ. ಸುಮ್ನೈತೆ ಅಂದ್ರೆ ಆನೆ ಇಲ್ಲ ಅಂತಲ್ವಾ?"

ಮನೆಗೆ ಮರಳಿ ಪೆಟ್ಟಿಗೆಯ ತಂತ್ರಾಂಶ ತೆರೆದು ಕುಳಿತೆ.

ಸಂಪರ್ಕ ಕಡಿದಾಗ ಎಚ್ಚರಿಕೆಗಳು ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಪೆಟ್ಟಿಗೆಯ ಕರ್ನಲ್‌ನಲ್ಲಿ, ಎಂದರೆ ಎಲ್ಲ ಕೆಲಸಕ್ಕೂ ಯಜಮಾನನಾದ ಒಳತಂತ್ರಾಂಶದಲ್ಲಿ, ಸರತಿ ನಿಲ್ಲುತ್ತವೆ. ಸಂಪರ್ಕ ಮರಳಿದ ಮೇಲೆ ಅವನ್ನೇ ಕಳಿಸಿದರೆ ಎಂದೋ ದಾಟಿದ ಆನೆ ಈಗ ಬಂದಂತೆ ಸುದ್ದಿಯಾಗುತ್ತದೆ, ಹಳತನ್ನು ಗುಡಿಸಲೇಬೇಕು. ಆದರೆ ಅಂದು ತಂತ್ರಾಂಶದ ಒಂದು ಕೈ ಅಳಿಸಿದ ಪ್ಯಾಕೆಟನ್ನು ಇನ್ನೊಂದು ಕೈ ಕಳಿಸಲೆಂದು ಹಿಡಿದೇ ಇತ್ತು. ಇಲ್ಲದ್ದನ್ನು ಮುಟ್ಟಿದ ಕ್ಷಣಕ್ಕೆ ಪೆಟ್ಟಿಗೆ ಕುಸಿದಿತ್ತು. ಹೊಸತು ಬಾರದಂತೆ ಬಾಗಿಲು ಮುಚ್ಚಿ, ಕಳಿಸುವ ಕೈ ಹಿಡಿತ ಬಿಡುವವರೆಗೆ ಕಾದು, ಸರತಿಯನ್ನು ಇಡಿಯಾಗಿ ಪಕ್ಕಕ್ಕೆ ತೆಗೆದು, ಆಮೇಲೆ ಒಂದೊಂದಾಗಿ ಅಳಿಸುವಂತೆ ತಿದ್ದಿದೆ.

ಪೆಟ್ಟಿಗೆ ಸರಿಹೋಯಿತು, ನನಗೆ ಸಮಾಧಾನವಾಗಲಿಲ್ಲ. ನಾವೆಲ್ಲ ಮೌನವನ್ನು ಹೀಗೇ ಓದುತ್ತೇವಲ್ಲವೇ? ದೂರದ ಅಕ್ಕ ಫೋನ್ ಮಾಡದಿದ್ದರೆ ಚೆನ್ನಾಗಿರಬೇಕೆಂದು, ಡಾಕ್ಟರು ಏನೂ ಹೇಳದಿದ್ದರೆ ಭಯವಿಲ್ಲವೆಂದು, ನಮಗೆ ಬೇಕಾದ ಅರ್ಥವನ್ನೇ ಅದರಲ್ಲಿ ತುಂಬಿ ಹೊರಟುಬಿಡುತ್ತೇವೆ. ಹಾಗಾಗಿ ಪೆಟ್ಟಿಗೆಯ ದನಿ ನಿಂತೊಡನೆ ಸಕಲೇಶಪುರದ ನಮ್ಮ ಕಚೇರಿಯಿಂದಲೇ ಊರಿಗೊಂದು ಸಾಲು ಹೋಗುವಂತೆ ಮಾಡಿದೆ: ಆನೆ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ. ಜನರ ನಂಬಿಕೆ ಹೋಗುತ್ತದೆಂದು ಕಚೇರಿಯವರು ಗೊಣಗಿದರು.

ಮೊನ್ನೆ ಆ ಸಾಲು ಮೊದಲ ಸಲ ಹೋಯಿತು. ಕೂತಲ್ಲಿ ಕೂರಲಾಗದೆ ಫೋನ್ ಮಾಡಿದೆ. ಎಲ್ಲರೂ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಿದ್ದಾರೆಂದೂ, ತಡವಾಯಿತೆಂದು ತೋಟದ ಲೆಕ್ಕ ನೋಡುವ ರೈಟರ್ ಬೈಯುತ್ತಿದ್ದಾನೆಂದೂ ಜಯಮ್ಮ ಹೇಳಿದರು.

"ಬೈಕಳ್ಳಿ ಬುಡವ್ವ. ಗೊತ್ತಿಲ್ಲ ಅಂತ ಹೇಳಿದ್ರಲ್ಲ, ಅಷ್ಟು ಸಾಕು. ಮಂಜು ಹರೀಲಿ, ನೋಡ್ಕಂಡು ಹೊಂಡ್ತೀವಿ."

ಅಂದು ಆನೆ ಬರಲೇ ಇಲ್ಲ. ಮಂಜು ಹರಿದ ಮೇಲೆ ದಾರಿಯನ್ನು ನೋಡಿ, ಆನೆಯ ಸುಳಿವಿಲ್ಲವೆಂದು ನನಗೆ ಫೋನ್ ಮಾಡಿ ತಿಳಿಸಿದವರೂ ಜಯಮ್ಮನೇ.