ಒಂದೇ ಸ್ಟಾರಿನ ಗುರುಶಾಂತಪ್ಪ
ಮಾಸೂರು ಕೆರೆಯ ಪಕ್ಕ, ತಟ್ಟೆ ಬೀಸಿ ಸರಪಳಿಯ ಬುಟ್ಟಿಗೆ ಬೀಳಿಸುವ ಡಿಸ್ಕ್ ಗಾಲ್ಫ್ ಮೈದಾನವಾದಾಗಿನಿಂದ ಶಿಗ್ಗಾಂವದ ಕಾಳು ವ್ಯಾಪಾರಿ ಗುರುಶಾಂತಪ್ಪನ ಸಿಟ್ಟು ಇಳಿದೇ ಇಲ್ಲ. ಪ್ರತಿ ರವಿವಾರ ಬಂದು ಆಡುತ್ತಾನೆ, ಸೋಲುತ್ತಾನೆ, ಮೊಬೈಲಿನಲ್ಲಿ ಒಂದೇ ಸ್ಟಾರ್ ಕೊಟ್ಟು ವಿಮರ್ಶೆ ಬರೆಯುತ್ತಾನೆ: "ಬುಟ್ಟಿ ಮ್ಯಾಲ ನವಿಲು ಕುಂತೈತಿ. ಏಳು ಅಂದ್ರ ನನ್ನನ್ನ ದುರುಗುಟ್ಟಿ ನೋಡ್ತೈತಿ. ಮಂಗ್ಯಾ ನನ್ನ ತಟ್ಟಿ ಕಸಗೊಂಡು ಆಲದ ಗಿಡಾ ಏರಿ, ಆ ತಟ್ಟ್ಯಾಗ ಮರಿ ಕುಂಡ್ರಿಸೇತಿ. ಇದೇನ್ ಮೈದಾನಾನೋ, ಸಂತಿಯೋ?" ಓದಿದವರು ನಕ್ಕರೆ ಅವನ ಮೀಸೆ ಇನ್ನಷ್ಟು ಅದುರುತ್ತದೆ. ಕೊನೆಗೊಮ್ಮೆ ಮೈದಾನದವರು ಅವನ ದೂರಿಗೆ ಬೇಸತ್ತು ಆ ಆಲವನ್ನೇ ಕಡಿಸಲು ಗರಗಸ ತರಿಸಿದರು. ಗುರುಶಾಂತಪ್ಪ ಓಡಿಬಂದು ಬೊಡ್ಡೆಗೆ ಬೆನ್ನು ಕೊಟ್ಟು ನಿಂತ. "ಬುದ್ಧಿ ಐತೇನ್ರಿ ನಿಮಗ? ಮಕ್ಕಳಿಗೆ ದಿನಾ ಬೈತೇವಿ, ಹಂಗಂತ ಮನಿ ಬಿಟ್ಟು ಓಡಸ್ತೇವೇನ್ರಿ?" ಗರಗಸ ವಾಪಸಾಯಿತು. ಹೊತ್ತು ಮುಳುಗುವವರೆಗೂ ಅವನು ಬೊಡ್ಡೆ ಬಿಟ್ಟು ಕದಲಲಿಲ್ಲ.