ಅವ್ವ ಬದುಕಿರುವಾಗಲೇ ತಲೆ ಬೋಳಿಸಿಕೊಂಡದ್ದು

ನನಗೆ ಪಾರ್ಶ್ವವಾಯು ಹೊಡೆದ ಸುದ್ದಿಯನ್ನು ಅವ್ವನಿಂದ ಏಳು ತಿಂಗಳು ಮುಚ್ಚಿಟ್ಟಿದ್ದೆ. ಅವಳು ಬಾದನಹಟ್ಟಿಯಲ್ಲಿ ಅಣ್ಣನ ಮನೆಯಲ್ಲಿ, ನಾನು ಸಿರುಗುಪ್ಪದಲ್ಲಿ. ವಿಷಯ ಗೊತ್ತಿದ್ದ ಅಣ್ಣನ ಬಾಯಿಗೂ ಬೀಗ ಹಾಕಿಸಿದ್ದೆ. ಮಾತು ಬೇಗ ಸರಿಹೋಯಿತು, ಕಾಲು ಎಳೆದುಕೊಂಡಾದರೂ ನಡೆಯಿತು. ಬಲಗೈ ಮಾತ್ರ, ಹಾಳಾದ್ದು, ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ಭತ್ತವನ್ನು ಮುಷ್ಟಿಯಲ್ಲಿ ಹಿಡಿದು, ಹಸಿಯೋ ಒಣಗಿದ್ದೋ ಎಂದು ಹೇಳುತ್ತಿದ್ದ ಕೈ ಅದು. ಆದರೆ ನನ್ನ ಚಿಂತೆ ಭತ್ತದ್ದಾಗಿರಲಿಲ್ಲ. ಅವ್ವನ ಮುಂದೆ ಹೋಗಿ ಕೂತರೆ ಅವಳು ಮಾಡುವ ಮೊದಲ ಕೆಲಸ ತಟ್ಟೆಗೆ ಬಿಸಿ ರೊಟ್ಟಿ ಹಾಕುವುದು. ಅವಳೆದುರು ಎಡಗೈಯಲ್ಲಿ ಉಣ್ಣುವುದು ನನ್ನಿಂದಾಗದ ಮಾತು. ಬಲಗೈಯಲ್ಲಿ ರೊಟ್ಟಿ ಮುರಿಯುವ ತನಕ ಬಾದನಹಟ್ಟಿಗೆ ಕಾಲಿಡುವುದಿಲ್ಲವೆಂದು ಹಟ ಹಿಡಿದೆ. ಫೋನಿನಲ್ಲಿ ಅವಳು ಕರೆದಾಗಲೆಲ್ಲ "ಮಿಲ್ಲಿನ್ಯಾಗ ಕೆಲಸ ಭಾಳ ಐತವ್ವ" ಅನ್ನುತ್ತಿದ್ದೆ. ಮಿಲ್ಲು ನಿಂತ ತಿಂಗಳಲ್ಲೂ ಅದನ್ನೇ ಹೇಳಿದೆ.

ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನನ್ನಂಥವರ ಮೇಲೆ ಹೊಸದೊಂದು ಪ್ರಯೋಗ ನಡೆಯುತ್ತಿದೆ ಎಂದು ಗೊತ್ತಾದದ್ದು ಆಗಲೇ. ಅಲ್ಲಿನ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ಬಸುರಿಯರ ಹೊಟ್ಟೆಯೊಳಗಿನ ಕೂಸನ್ನು ನೋಡಲು ಬಳಸುವ, ಕಿವಿಗೆ ಕೇಳದ ಶಬ್ದವಿದೆಯಲ್ಲ, ಅದೇ ಜಾತಿಯ ಶಬ್ದವನ್ನು ತಲೆಬುರುಡೆಯ ಮೂಲಕ ಮಿದುಳಿಗೆ ಕಳಿಸುತ್ತಾರಂತೆ. ಕೈ ಆಡಿಸುವ ಜಾಗವನ್ನು ಅದು ಎಬ್ಬಿಸುತ್ತದೆಯೇ ಎಂದು ನೋಡುತ್ತಾರಂತೆ.

"ಎಷ್ಟು ಜಾಗಕ್ಕ ಬೀಳ್ತೈತ್ರಿ ಅದು?" ಎಂದು ಕೇಳಿದೆ.

"ಹೆಚ್ಚು ಕಡಿಮಿ ಒಂದು ಭತ್ತದ ಕಾಳಿನಷ್ಟು."

ಯಪ್ಪಾ! ಮಿಲ್ಲಿನಲ್ಲಿ ಒಂದು ಚೀಲದೊಳಗೆ ಏನಿದೆ ಎಂದು ನೋಡಬೇಕಾದರೆ ನಾವು ಚೂಪು ಕೊಳವೆ ಚುಚ್ಚಿ ಕಾಳು ಹೊರಗೆಳೆಯುತ್ತೇವೆ. ಇವರು ಒಡೆಯದೆ, ಚುಚ್ಚದೆ, ಬುರುಡೆಯೊಳಗಿನ ಒಂದೇ ಕಾಳನ್ನು ಮುಟ್ಟುತ್ತಾರೆ! ನನಗೆ ಮೈ ಜುಮ್ಮೆಂದಿತು.

"ಗುಣ ಆಗ್ತೈತಿ ಅಂತ ಮಾತ್ರ ನಾ ಹೇಳಂಗಿಲ್ರಿ," ಎಂದು ಅವಳು ಮೊದಲೇ ಹೇಳಿಬಿಟ್ಟಳು. "ಕೆಲವರಿಗೆ ನಿಜವಾದ ಶಬ್ದ ಕೊಡ್ತೀವಿ. ಕೆಲವರಿಗೆ ಬರೇ ಯಂತ್ರ ಹಿಡೀತೀವಿ, ಒಳಗ ಏನೂ ಹೋಗಂಗಿಲ್ಲ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಂಗಿಲ್ಲ. ಎಲ್ಲಾರದೂ ಮುಗಿದ ಮ್ಯಾಲೇ ಗೊತ್ತಾಗೋದು." ಆ ನೇರ ಮಾತು ನನಗೆ ಹಿಡಿಸಿತು. ಎಡಗೈಯಿಂದ ಸೊಟ್ಟಪಟ್ಟ ಸಹಿ ಹಾಕಿಕೊಟ್ಟೆ.

ಕೂದಲಿನ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಶಬ್ದ ಒಳಗೆ ಇಳಿಯುವುದಿಲ್ಲವಂತೆ. ಅದಕ್ಕೆ ಎಡಗಡೆ ಅಂಗೈಯಷ್ಟು ಜಾಗದಲ್ಲಿ ಕೂದಲು ತೆಗೆಸಿಕೊಂಡು ಬರಬೇಕೆಂದರು. ಅಷ್ಟೇ ತೆಗೆಸಿದರೆ ಹುಳುಕಡ್ಡಿ ಆದವನಂತೆ ಕಾಣುತ್ತೇನೆ ಎಂದು ನಾನೇ ಜಾಣತನ ಮಾಡಿ ಪೂರ್ತಿ ಬೋಳಿಸಲು ಹೇಳಿದೆ. ಕ್ಷೌರದವನು ಕತ್ತಿ ಎತ್ತಿದವನು ಹಾಗೇ ನಿಂತ.

"ತಂದಿ ತಾಯಿ ಅದಾರೇನ್ರಿ?"

"ಅಪ್ಪ ಹೋಗಿ ಭಾಳ ವರ್ಷಾತು. ಅವ್ವ ಗಟ್ಟಿ ಅದಾಳ."

"ಹಂಗಾರ ತಿರುಪತಿ ಹರಕಿ ಏನಾರ?"

"ಬೋಳಸು ಅಂದ್ರ ಬೋಳಸೋ ಮಾರಾಯ, ನಿನಗ್ಯಾಕ ಊರ ಉಸಾಬರಿ!" ಎಂದು ರೇಗಿದೆ. ಅವನು ಬಾಯಲ್ಲಿ ದೇವರ ಹೆಸರು ಹೇಳಿಕೊಳ್ಳುತ್ತಲೇ ಬೋಳಿಸಿದ.

ಮೊದಲ ದಿನ ತಲೆಗೆ ತಣ್ಣನೆಯ ಲೋಳೆ ಹಚ್ಚಿ ಯಂತ್ರ ಒತ್ತಿ ಹಿಡಿದರು. ಒಂದಿಷ್ಟೂ ಸದ್ದಿಲ್ಲ, ನೋವಿಲ್ಲ. ಆಮೇಲೆ ಕೈಗೆ ವ್ಯಾಯಾಮ, ಕೊನೆಗೆ ಹಲಗೆಯ ತೂತುಗಳಿಗೆ ಮರದ ಸಣ್ಣ ಗೂಟ ಸಿಕ್ಕಿಸುವ ಪರೀಕ್ಷೆ. ನನ್ನ ಕೈ ಗೂಟದ ಪಕ್ಕ ಹೋಗಿ ಮಲಗಿತು.

ಅಂದು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸಿಗೆ ಕಾಯುತ್ತಿದ್ದಾಗ ಅತ್ತಿಗೆಯ ಅಣ್ಣ ಎದುರಾದ. ಅವನದು ಕುರುಗೋಡು. ನನ್ನ ತಲೆ ನೋಡಿದವನೇ ಮುಖ ಸಣ್ಣದು ಮಾಡಿಕೊಂಡು ಹೆಗಲ ಮೇಲೆ ಕೈಯಿಟ್ಟ. "ಆಗೋದು ಆಗಿ ಹೋತು. ಧೈರ್ಯ ತಗೋರಿ," ಅಂದ. ನನ್ನ ಕಾಯಿಲೆಯ ವಿಷಯ ಅಣ್ಣ ಹೇಳಿರಬೇಕು ಎಂದುಕೊಂಡು ನಾನೂ "ಏನ್ ಮಾಡಾಕ ಬರ್ತೈತ್ರಿ" ಅಂದೆ. ಅವನು ಕಣ್ಣೊರೆಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ಕುರುಗೋಡಿನಿಂದ ಐದು ಜನ ಬಾದನಹಟ್ಟಿಗೆ ಬಂದಿಳಿದರು. ಅವ್ವ ಸತ್ತ ಸುದ್ದಿ ಯಾಕೆ ತಿಳಿಸಲಿಲ್ಲ ಎಂದು ಅತ್ತಿಗೆಯನ್ನು ಬೈಯಲು ಸಿದ್ಧವಾಗಿಯೇ ಬಂದಿದ್ದರು. ಬಾಗಿಲು ತೆಗೆದವಳು ಅವ್ವನೇ. ಅತ್ತಿಗೆಯ ತಾಯಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳಂತೆ. ಅವ್ವ ಎಲ್ಲರಿಗೂ ಚಹಾ ಮಾಡಿಸಿ ಕುಡಿಸಿ, ಆಮೇಲೆ ಅಣ್ಣನ ಕಡೆ ತಿರುಗಿ ಬಾಯಿ ಬಿಡಿಸಿದಳು.

ಮುಂದಿನ ಸಲ ನಾನು ಆಸ್ಪತ್ರೆಯ ಕುರ್ಚಿಯಲ್ಲಿದ್ದಾಗ ಅವಳು ಅಣ್ಣನೊಡನೆ ಒಳಗೆ ನುಗ್ಗಿದಳು.

"ನಾ ಇನ್ನಾ ಬದುಕೀನಲ್ಲೋ ಲೇ! ಯಾರಿಗಂತ ಬೋಳಸ್ಕೊಂಡಿ?"

ನಾನು ತಲೆ ತಗ್ಗಿಸಿದೆ. ಅವಳ ಕಣ್ಣು ತೊಡೆಯ ಮೇಲಿದ್ದ ಕೈಗೆ ಬಿತ್ತು. ಬೈಗುಳ ಅಲ್ಲಿಗೇ ನಿಂತಿತು. ನೆಲದ ಮೇಲೆ ಕೂತು ಆ ಕೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. "ಇದನ್ನ ನನ್ನಿಂದ ಮುಚ್ಚಿಟ್ಟೇನಪಾ," ಅಂದಳು. ಐವತ್ತಾರು ವರ್ಷದ ಗಂಡಸು ನಾನು, ಎಲ್ಲರೆದುರು ಗೊಳೋ ಎಂದು ಅತ್ತೆ.

ಡಾಕ್ಟರಮ್ಮ ಅವ್ವನಿಗೂ ಎಲ್ಲ ಬಿಡಿಸಿ ಹೇಳಿದಳು. ಅವತ್ತಿನ ಸರದಿ ಮುಗಿದು ಲೋಳೆ ಒರೆಸಿದ ಮೇಲೆ ಅವ್ವ ಎದ್ದುಬಂದು ನನ್ನ ಬೋಳುತಲೆಗೆ ಕಿವಿಯಿಟ್ಟಳು. ಬಹಳ ಹೊತ್ತು ಕೇಳಿದಳು. ಯಾರೂ ನಗಲಿಲ್ಲ.

"ಏನೂ ಕೇಳಸವಲ್ದು."

"ನಮಗೂ ಕೇಳ್ಸಂಗಿಲ್ಲಮ್ಮ," ಅಂದಳು ಡಾಕ್ಟರಮ್ಮ.

"ಅಲ್ಲವಾ, ಇವನು ನನ್ನ ಹೊಟ್ಟ್ಯಾಗಿದ್ದಾಗನೂ ಹಿಂಗ, ಏನೂ ಕೇಳ್ತಿದ್ದಿಲ್ಲ. ಒಳಗ ಕೆಲಸ ನಡದಿತ್ತಲ್ಲ."

ಡಾಕ್ಟರಮ್ಮ ಬರೆಯುವುದನ್ನು ಬಿಟ್ಟು ಅವಳನ್ನೇ ನೋಡಿದಳು. ನಾನೂ ನೋಡಿದೆ. ಅಷ್ಟು ಓದಿದವಳೂ ಅಕ್ಷರ ಬಾರದ ನನ್ನವ್ವನೂ ಒಂದೇ ತಲೆಯ ಮುಂದೆ ಒಂದೇ ಥರ ಬೆರಗಾಗಿ ನಿಂತಿದ್ದರು. ಆ ತಲೆ ನನ್ನದು ಎಂಬುದೇ ನನಗೆ ನಂಬಲಾಗಲಿಲ್ಲ.

ಅವ್ವ ಬಾದನಹಟ್ಟಿಗೆ ಹಿಂತಿರುಗಲಿಲ್ಲ, ನಮ್ಮ ಮನೆಗೇ ಬಂದಳು. ದಿನಾ ರೊಟ್ಟಿ ಮುರಿದು ಚೂರು ಮಾಡಿ ತಟ್ಟೆಗೆ ಹಾಕುತ್ತಿದ್ದಳು, ನಾನು ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದೆ. ವಾರಕ್ಕೆ ಮೂರು ದಿನ ಬಳ್ಳಾರಿ, ಉಳಿದ ದಿನ ಮನೆಯಲ್ಲೇ ವ್ಯಾಯಾಮ. ಕೊನೆಕೊನೆಯ ಸರದಿಯೊಂದರಲ್ಲಿ ಹೆಬ್ಬೆರಳು ನಡುಗುತ್ತ ಹೋಗಿ ತೋರುಬೆರಳನ್ನು ಮುಟ್ಟಿತು. ನಡುವೆ ಒಂದು ಗೂಟ ಇತ್ತು! ಅದು ತೂತಿಗೆ ಇಳಿದಾಗ ಆದ ಸಣ್ಣ ಟಕ್ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಒಳಗೆ ಹೋದದ್ದು ನಿಜವಾದ ಶಬ್ದವೋ, ಬರೀ ಯಂತ್ರ ಹಿಡಿದರೋ, ವ್ಯಾಯಾಮದ ಫಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಪ್ರಯೋಗ ಇನ್ನೂ ಮುಗಿದಿಲ್ಲ.

ಗೂಟ ತೂತಿಗಿಳಿದ ಮರುದಿನ ಮಧ್ಯಾಹ್ನ ಅವ್ವ ಒಲೆಯಿಂದ ಇಳಿಸಿದ ರೊಟ್ಟಿಯನ್ನು ಇಡಿಯಾಗಿ ನನ್ನ ತಟ್ಟೆಗೆ ಹಾಕಿದಳು. ಪಕ್ಕದಲ್ಲಿ ಬದನೆಕಾಯಿ ಪಲ್ಯ. ಚಮಚ ಇಡಲಿಲ್ಲ. ಎದುರಿಗೆ ಕೂತವಳು ಮೆಲ್ಲಗೆ ಗೋಡೆಯ ಕಡೆ ತಿರುಗಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ಯಾಕವ್ವ, ಆ ಕಡೆ ತಿರುಗಿದಿ?"

"ತಾಯಿ ಕಣ್ಣು ಭಾಳ ಕೆಟ್ಟವಪಾ, ಲಗೂನ ತಾಕ್ತಾವು. ನಾ ನೋಡಂಗಿಲ್ಲ. ನೀ ಉಣ್ಣು."

ಇದನ್ನು ನೋಡಲೆಂದೇ ಇಷ್ಟು ದಿನ ಕಾದವಳು ಅವಳು. ನಾನು ಬಲಗೈ ಎತ್ತಿ ತಟ್ಟೆಯ ಮೇಲಿಟ್ಟೆ. ರೊಟ್ಟಿ ಸುಡುತ್ತಿತ್ತು. ಸುಡುವುದು ಬೆರಳಿಗೆ ಗೊತ್ತಾಗುತ್ತಿತ್ತು.

"ಮುರದೇನಪಾ?" ಗೋಡೆಯ ಕಡೆಯಿಂದ ಕೇಳಿದಳು.

"ಮುರದೆ."

"ಪಲ್ಯ ಹಚ್ಚಿಗೊಂಡೇನು?"

"ಹ್ಞೂಂ."

"ಬಾಯಿಗೆ ಹೋತೇನು?"

ಹೇಳೋಣವೆಂದರೆ ಬಾಯಿ ತುಂಬ ರೊಟ್ಟಿ.