ಅತ್ತೆಯ ಕಾರು ತಾನಾಗಿ ಕೂಗುತ್ತಿದ್ದುದು

ಕಾರಿನ ವಿಷಯದಲ್ಲಿ ನನ್ನ ಪಾಂಡಿತ್ಯ ಬಾಗಿಲು ತೆಗೆದು ಕೂರುವಲ್ಲಿಗೆ ಮುಗಿಯುತ್ತದೆ. ವಿಕ್ರೋಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಯಂತ್ರಗಳ ಗುಣಗಾನ ಮಾಡುವ ಪತ್ರಗಳನ್ನು ಟೈಪು ಮಾಡುತ್ತಿದ್ದೆನಾದರೂ ಆ ಯಂತ್ರಗಳಲ್ಲಿ ಒಂದು ಎದುರಿಗೆ ಬಂದು ನಿಂತರೆ ಗುರುತು ಹಿಡಿಯಲಾರೆ. ಆದರೂ ಹಳೆಯ ಕಾರಿನೊಳಕ್ಕೆ ಮಳೆನೀರು ಎಲ್ಲಿಂದ ಬರುತ್ತದೆಂದು ಯಾರಾದರೂ ಮಾತೆತ್ತಿದರೆ ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತೇನೆ. ಅದಕ್ಕೆ ಕಾರಣ ನನ್ನ ಸೋದರತ್ತೆ ಸುಮತಿ.

ಅತ್ತೆ ಮೈಸೂರಿನವರು, ಹೆರಿಗೆ ಡಾಕ್ಟರು. ಸಾಂತಾಕ್ರೂಜ್‌ನಲ್ಲಿ ದವಾಖಾನೆ ಇಟ್ಟಿದ್ದರು. ನಾನು ಅವರ ಮನೆಯಲ್ಲೇ ಇದ್ದೆ. ಐವತ್ತರ ದಶಕದ ಆ ದಿನಗಳಲ್ಲಿ ಅಂಧೇರಿ ದಾಟಿದರೆ ಗದ್ದೆ, ತಾಳೆಮರ, ಎಮ್ಮೆ. ಅದಕ್ಕೂ ಆಚೆ, ದೂರದ ದಹಿಸರ್‌ನಿಂದಲೂ ಅವರಿಗೆ ಕರೆ ಬರುತ್ತಿತ್ತು. ಅದಕ್ಕಾಗಿ, ಸ್ವದೇಶಕ್ಕೆ ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬನ ಕರಿಯ ಕಾರನ್ನು ಕೊಂಡಿದ್ದರು. ಬೇಸಗೆಯಲ್ಲಿ ಅದು ಬಲು ಮರ್ಯಾದಸ್ಥ. ಮಳೆ ಹಿಡಿಯಿತೋ, ಪಕ್ಕದ ಸೀಟಿನವನ, ಎಂದರೆ ನನ್ನ, ಕಾಲ ಬುಡದಲ್ಲಿ ಕೆರೆ ಕಟ್ಟುತ್ತಿತ್ತು. ಯಾರೂ ಮುಟ್ಟದಿದ್ದರೂ ಹಾರನ್ನು ಕೂಗತೊಡಗುತ್ತಿತ್ತು. ಒಮ್ಮೆ ಮಾರ್ಕೆಟ್ಟಿನ ಬಳಿ ಪೊಲೀಸಿನವನು ಅಡ್ಡ ಬಂದು, "ಬಾಯೀ, ಹಾರ್ನ್ ಬಂದ್ ಕರಾ!" ಎಂದು ಗದರಿದ. ಅತ್ತೆ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದರು. ಹಾರನ್ನು ಕೂಗುತ್ತಲೇ ಇತ್ತು. ಅವನು ಸ್ವಲ್ಪ ಹೊತ್ತು ನೋಡಿ, ಮಿಕ್ಕ ಗಾಡಿಗಳನ್ನೆಲ್ಲ ತಡೆದು ನಮ್ಮನ್ನು ಸಾಗಹಾಕಿದ.

ಗ್ಯಾರೇಜಿನವನೊಬ್ಬ ಬ್ಯಾಟರಿ ಎಂದ, ಬದಲಾಯಿಸಿದರು. ಇನ್ನೊಬ್ಬ ಬಾಗಿಲಿನ ರಬ್ಬರು ಎಂದ, ಅದನ್ನೂ ಬದಲಾಯಿಸಿದರು. ಕೆರೆ ಬತ್ತಲಿಲ್ಲ.

ನಗುವ ಸಂಗತಿಯಾಗಿದ್ದ ಈ ಕಾಯಿಲೆ ಒಂದು ದಿನ ನಗು ನಿಲ್ಲಿಸಿತು. ಹೆರಿಗೆಗೆಂದು ಹೊರಟ ಅತ್ತೆಯ ಕಾರು ಗೋರೆಗಾಂವ್ ಬಳಿ ಜಡಿಮಳೆಯಲ್ಲಿ ನಿಂತೇಹೋಯಿತು. ಹಾಲಿನ ಲಾರಿಯೊಂದಕ್ಕೆ ಕೈಯೊಡ್ಡಿ, ಹತ್ತಿ, ಅವರು ತಲುಪುವಷ್ಟರಲ್ಲಿ ತುಂಬ ತಡವಾಗಿತ್ತು. ತಾಯಿ, ಮಗು ಇಬ್ಬರೂ ಬದುಕಿದರು, ಕೂದಲೆಳೆಯಲ್ಲಿ. ಆ ಸಂಜೆ ಅತ್ತೆ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು.

"ಶೀನ, ಇದರ ರೋಗ ಏನು ಅಂತ ನಾವೇ ನೋಡೋಣ ಕಣೋ," ಎಂದರು ಕೊನೆಗೆ.

"ಆ ಬಾಗಿಲೇ ಇರಬೇಕು ಅತ್ತೆ."

"ನೋಡೋಕ್ಮುಂಚೆ ಹೇಳ್ಬೇಡ."

ನಮ್ಮ ಹಳೆಯ ನಾಡಿವೈದ್ಯರು ಮಣಿಕಟ್ಟು ಹಿಡಿದೇ ಹೊಟ್ಟೆಯ ಸಮಾಚಾರ ಹೇಳುತ್ತಿದ್ದರಂತೆ. ಅತ್ತೆಗೆ ಅಂಥ ಸಿದ್ಧಿ ಇರಲಿಲ್ಲ. ಅವರಿಗಿದ್ದದ್ದು ತಾಳ್ಮೆ. ಭಾನುವಾರ ಬಿಸಿಲು ಬಿದ್ದಾಗ ಕಾರನ್ನು ಒಣಗಿಸಿ, ಒಳಗಿನ ಅಂಚುಗಳಿಗೆಲ್ಲ ಆಪರೇಷನ್ ಕೈಗವಸಿಗೆ ಹಾಕುವ ಬಿಳಿ ಪೌಡರು ಉದುರಿಸಿದರು. ನೀರು ಹರಿದರೆ ಪೌಡರಿನ ಮೇಲೆ ದಾರಿ ಮೂಡಬೇಕು. ಟಾರ್ಚು ಹಿಡಿದು ನಾನು ಒಳಗೆ ಮುದುಡಿ ಕೂತೆ. ಅತ್ತೆ ಸೀರೆ ಎತ್ತಿಕಟ್ಟಿ, ತಂಬಿಗೆಯಿಂದ ನೀರು ಸುರಿಯತೊಡಗಿದರು. ಮೊದಲು ಬಾಗಿಲ ಕೆಳಗೆ, ಆಮೇಲೆ ಕೊಂಚ ಮೇಲೆ. "ಮೇಲಿಂದ ಸುರಿದರೆ ಎಲ್ಲಾ ಕಡೆ ಇಳಿಯತ್ತೆ, ಯಾವುದು ಅಂತ ತಿಳಿಯಲ್ಲ," ಎಂದರು.

ಬಾಗಿಲು ನಿರಪರಾಧಿ. ಗಾಜಿನ ಅಂಚೂ ನಿರಪರಾಧಿ. ನನ್ನ ಸೊಂಟ ಹಿಡಿದುಕೊಂಡಿತು. ಮುಂಗಾಜಿನ ಮುಂದೆ, ಗಾಳಿಗೆಂದು ಇಟ್ಟಿದ್ದ ಪುಟ್ಟ ಮುಚ್ಚಳದ ಮೇಲೆ ತಂಬಿಗೆ ಬಗ್ಗಿದಾಗ ಪೌಡರಿನಲ್ಲಿ ಸಣ್ಣ ಗೆರೆಯೊಂದು ಮೂಡಿತು.

"ಅತ್ತೆ! ಬಂತು!"

ಅವರು ತಂಬಿಗೆ ಕೆಳಗಿಟ್ಟು ಒಳಕ್ಕೆ ತಲೆ ತೂರಿಸಿದರು. ಮುಚ್ಚಳದ ರಬ್ಬರು ಒಂದು ಮೂಲೆಯಲ್ಲಿ ಬಿರಿದಿತ್ತು. ಅಲ್ಲಿ ನುಗ್ಗಿದ ನೀರು ಬಟ್ಟೆ ಸುತ್ತಿದ ತಂತಿಗಳ ಕಟ್ಟನ್ನು ಹಿಡಿದು, ನೂಲಿನ ಮೇಲೆ ನಡೆದಂತೆ ನಡೆದು, ದೂರ ಬಂದು ನನ್ನ ಕಾಲಮೇಲೆ ಬೀಳುತ್ತಿತ್ತು. ನಡುದಾರಿಯಲ್ಲಿ ಬಟ್ಟೆ ಸವೆದ ತಂತಿಗಳು ಕಬ್ಬಿಣದ ಪಟ್ಟಿಗೆ ತೀರ ಹತ್ತಿರವಾಗಿದ್ದವು. ನೆನೆದರೆ ಹಾರನ್ನಿನ ತಂತಿ ಕೂಗಿಸುತ್ತಿತ್ತು. ಪಕ್ಕದಲ್ಲಿದ್ದ, ಇಂಜಿನ್ನಿಗೆ ಕಿಡಿ ಕೊಡುವ ತಂತಿ ಕಾರನ್ನೇ ನಿಲ್ಲಿಸುತ್ತಿತ್ತು. ಎರಡು ರೋಗವೆಂದುಕೊಂಡಿದ್ದು ಒಂದೇ. ಅತ್ತೆಯ ಮುಖದಲ್ಲಿ ಆಗ ಕಂಡ ಸಂತೋಷವನ್ನು, ಮೊದಲ ಅಳು ಕೇಳಿದ ಹೆರಿಗೆಮನೆಯಲ್ಲಿ ಮಾತ್ರ ಕಾಣಬಹುದೇನೋ. ಸೈಕಲ್ ಟ್ಯೂಬು ಕತ್ತರಿಸಿ ಮುಚ್ಚಳಕ್ಕೆ ರಬ್ಬರು ಕೂರಿಸಿದರು. ಹೊಸ ತಂತಿ ಹಾಕಿಸಿ, ಪಟ್ಟಿಗೆ ತಾಗದಂತೆ ಕಟ್ಟಿಸಿದರು.

ಸರಿಯಾಯಿತೇ ಎಂದು ತಿಳಿಯುವ ಮುನ್ನವೇ ದಹಿಸರ್‌ನಿಂದ ಫೋನು ಬಂತು. ಸ್ಟೇಷನ್ ಬಳಿ ಚಹಾ ಹೋಟೆಲಿಟ್ಟಿದ್ದ ಶೆಟ್ಟರು. "ಡಾಕ್ಟ್ರೇ, ಹೆಂಡತಿಗೆ ನೋವು ಜೋರಾಗಿದೆ. ಲೋಕಲ್ ರೈಲು ಬಂದ್ ಉಂಟು. ಬೇಗ ಬನ್ನಿ ಮಾರಾಯ್ರೇ!" ಮಧ್ಯಾಹ್ನವೇ ಕತ್ತಲು ಕವಿದಂಥ ಮಳೆ. ಕಾರಿನಲ್ಲಿ ನಾನು ಪಾದ ಎತ್ತಿಕೊಂಡೇ ಕೂತಿದ್ದೆ, ಅಭ್ಯಾಸಬಲ. ಗೋರೆಗಾಂವ್ ಬಂತು, ಹೋಯಿತು. ಅತ್ತೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬೋರಿವಲಿಯ ಹತ್ತಿರ ಎಮ್ಮೆಗಳು ರಸ್ತೆ ತುಂಬ ನಿಂತಿದ್ದವು. ಅತ್ತೆ ಹಾರನ್ನು ಒತ್ತಿದರು. ಒತ್ತಿದಾಗ ಕೂಗಿತು, ಬಿಟ್ಟಾಗ ಸುಮ್ಮನಾಯಿತು. ಅಂಥ ವಿಧೇಯತೆಗೆ ಎಮ್ಮೆಗಳೂ ದಾರಿ ಬಿಟ್ಟವು.

ಮಗು ಅಡ್ಡ ತಿರುಗಿತ್ತಂತೆ. ಇನ್ನಷ್ಟು ತಡವಾಗಿದ್ದರೆ ಕೈಮೀರುತ್ತಿತ್ತು. ಒಳಗಿನಿಂದ ಅಳು ಕೇಳಿದಾಗ ಶೆಟ್ಟರು ಚಹಾದ ಪಾತ್ರೆ ಹಿಡಿದುಕೊಂಡೇ ಅತ್ತುಬಿಟ್ಟರು.

ಹಿಂದಿರುಗುವಾಗ ಕೇಳಿದೆ: "ಗ್ಯಾರೇಜಿನವರಿಗೆ ಸಿಗದ್ದು ನಿಮಗೆ ಹೇಗೆ ಸಿಕ್ತು ಅತ್ತೆ?"

"ಏನಾಗಿದೆ ಅಂತ ಅವರಿಗೆ ಮೊದಲೇ ಗೊತ್ತಿತ್ತಲ್ಲೋ. ನನಗೆ ಗೊತ್ತಿರ್ಲಿಲ್ಲ, ಅದಕ್ಕೇ ಹುಡುಕಿದೆ."

ನಾನು ಇನ್ನೂ ಎತ್ತಿಕೊಂಡೇ ಇದ್ದ ಪಾದಗಳನ್ನು ಮೆಲ್ಲನೆ ಒಣ ನೆಲಕ್ಕೆ ಇಳಿಸಿದೆ.